ಮೈಸೂರು ಸೀಮೆಯಿಂದ ದಕ್ಷಿಣ ಆಫ್ರಿಕಾದ ನಟಾಲಿಗೆ ಕೂಲಿಗೆ ಹೋದವರ ದಾಖಲೆ ಸಿಗುತ್ತದೆಯೇ?

ಚಾಮರಾಜಪೇಟೆ_ವಾಸಿ:
ಮಹಾಲಯ ಅಮಾವಾಸ್ಯೆಯಂದು ನಮ್ಮ ಮನೆಯಲ್ಲಿ ಹಿರಿಯರಿಗೆ ಇಡುವ ಎಡೆಗಳಲ್ಲಿ ಕೊನೆಯ ಎಲೆಯ ಪಕ್ಕ ಮಾತ್ರ ಒಂದು ತುಂಡು ಕಬ್ಬು ಇರುತ್ತದೆ. ಅದು ನನ್ನ ಅಜ್ಜಿಯ ಅಜ್ಜನ ಅಣ್ಣನ ಎಡೆ. ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಕೋಲಾರದ ಕಡೆಯ ಊರು ಬಿಟ್ಟು ನಟಾಲಿನ ಕಬ್ಬಿನ ತೋಟಕ್ಕೆ ಹೋದವರು ಮರಳಲಿಲ್ಲವಂತೆ. ಆದರೆ ಓದಿದಲ್ಲೆಲ್ಲ ತಮಿಳರು, ತೆಲುಗರು, ಭೋಜಪುರಿಯವರ ಹೆಸರೇ ಕಾಣುತ್ತದೆ. ನಮ್ಮ ಕಡೆಯವರೂ ಹೋಗಿದ್ದರೇ? ಹುಡುಕುವುದು ಎಲ್ಲಿಂದ?

ಹಳೇ_ಕಡತ:
ಹೋಗಿದ್ದರು. ಮದ್ರಾಸಿನಿಂದ ಹೊರಟ ‘ಟ್ರೂರೊ’ ಹಡಗು 1860ರ ನವೆಂಬರ್ 16ರಂದು ಡರ್ಬನ್ ತಲುಪಿದ ಮೇಲೆ 1911ರವರೆಗೆ ಸುಮಾರು 1,52,000 ಮಂದಿ ನಟಾಲಿಗೆ ಹೋದರು. ಹೆಚ್ಚಿನವರು ಮದ್ರಾಸ್ ಬಂದರಿನಿಂದ ಹೊರಟವರೇ. 1866ರಲ್ಲಿ ನಿಂತಿದ್ದ ನೇಮಕಾತಿ 1874ರಲ್ಲಿ ಮತ್ತೆ ಶುರುವಾಗಿತ್ತು. ಹಾಗಾಗಿ 50 ಲಕ್ಷ ಜನರಿದ್ದ ಮೈಸೂರಿನಲ್ಲಿ ಸುಮಾರು 10 ಲಕ್ಷ ಜನರನ್ನು ನುಂಗಿದ 1876–78ರ ಬರ ಬಂದಾಗ ಆಳು ಹಿಡಿಯುವವರಿಗೆ ಹಸಿದವರ ಕೊರತೆಯಿರಲಿಲ್ಲ. 1864ರಿಂದಲೇ ಬೆಂಗಳೂರು ದಂಡಿನಿಂದ ಮದ್ರಾಸ್ ಮಾರ್ಗದ ಜೋಲಾರಪೇಟೆಗೆ ರೈಲಿದ್ದುದರಿಂದ ಮದ್ರಾಸೂ ದೂರವಾಗಿರಲಿಲ್ಲ. ಹಡಗು ಹತ್ತಿದ ಮೇಲೆ ಎಲ್ಲರೂ ‘ಮದ್ರಾಸಿ’ಗಳಾದರು, ಕನ್ನಡ ಕಡತದಲ್ಲಿ ಕಾಣದಾಯಿತು.

ಮಲ್ಲೇಶ್ವರ_ಓದುಗ:
ಹಡಗಿನ ಪಟ್ಟಿಯಲ್ಲಿ ಪ್ರತಿಯೊಬ್ಬರ ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು ಇರುತ್ತವೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುವುದರಿಂದ ‘ಮುನಿಯಪ್ಪ’ನನ್ನು ನೀವು ನಾಲ್ಕು ಬಗೆಯಲ್ಲಿ ಹುಡುಕಬೇಕಾದೀತು, ನಾನಂತೂ ಹೆಸರಿಗಿಂತ ತಂದೆಯ ಹೆಸರು ಮತ್ತು ಜಿಲ್ಲೆಯನ್ನೇ ನಂಬುತ್ತೇನೆ. ಒಮ್ಮೆ ಸಂಖ್ಯೆ ಸಿಕ್ಕರೆ ಮುಂದಿನ ಕಾಗದಪತ್ರಗಳಲ್ಲೂ ಅದನ್ನೇ ಹಿಡಿದು ಹೋಗಬಹುದು. ಡರ್ಬನ್‌ನ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುಥುಲಿ ದಾಖಲಾತಿ ಕೇಂದ್ರಕ್ಕೆ ಬರೆದು ನೋಡಿ.

ಕೆಂಪು_ಮಣ್ಣು:
ಒಂದು ಎಚ್ಚರಿಕೆ. ಮನೆಯವರ ಬಾಯಲ್ಲಿ ದೇಶದ ಹೆಸರು ಅದಲುಬದಲಾಗುವುದುಂಟು. ಆದರೆ ನಿಮ್ಮ ಎಡೆಯ ಕಬ್ಬು ಒಳ್ಳೆಯ ಸಾಕ್ಷಿ. ಆ ಕಾಲದ ಸಿಲೋನಿಗೆ (ಇಂದಿನ ಶ್ರೀಲಂಕಾ) ಕಂಕಾಣಿಯ, ಅಂದರೆ ಆಳುಗಳನ್ನು ಕೂಡಿಸಿ ಕರೆದೊಯ್ಯುವ ಮೇಸ್ತ್ರಿಯ, ಜೊತೆ ಹೋದವರು ಸೇರುತ್ತಿದ್ದುದು ಕಾಫಿ ತೋಟಗಳಿಗೆ. ಕಬ್ಬು ಎಂದಮೇಲೆ ನಟಾಲ್, ಇಲ್ಲವೇ ಮಾರಿಷಸ್. ನಟಾಲಿನಲ್ಲಿ ಸಿಗದಿದ್ದರೆ ಮಾರಿಷಸ್‌ನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯನ್ನು ವಿಚಾರಿಸಿ. ಅಲ್ಲಿ ವಲಸಿಗರ ದಾಖಲೆ ಪುಸ್ತಕಗಳ ಜೊತೆ ಆ ಕಾಲದ ಭಾವಚಿತ್ರಗಳೂ ಇವೆ.

ಚಾಮರಾಜಪೇಟೆ_ವಾಸಿ:
ಎಲ್ಲರಿಗೂ ವಂದನೆಗಳು. ಎಡೆ ಇಡುವಾಗ ಅವರ ಹೆಸರಿನ ಜೊತೆ ತಂದೆಯ ಹೆಸರನ್ನೂ ಹೇಳುವ ರೂಢಿ ನಮ್ಮಲ್ಲಿದೆ, ಹಾಗಾಗಿ ಎರಡೂ ಗೊತ್ತು. ಊರಿನ ಹಳೆಯ ಹೆಸರನ್ನು ಚಿಕ್ಕಪ್ಪನವರಲ್ಲಿ ಕೇಳಿಕೊಂಡು ಮೊದಲು ಡರ್ಬನ್‌ಗೆ ಬರೆಯುತ್ತೇನೆ.