ಎಲೆಕ್ಷನ್‌ಗೆ ಅಂತ ಕೊಟ್ಟ ದುಡ್ಡಲ್ಲಿ ಲಾಯರ್ ಫೀಸ್ ಕಟ್ಟಬಹುದಾ? ಮಾವನವರು ಕೇಳ್ತಿದಾರೆ

ತುಂಗಾತೀರ_ಎನ್‌ಜೆ:

ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಲಿ, ನಮ್ಮ ಮಾವನವರು ನಮ್ಮ ಜೊತೆಗೇ ಇದಾರೆ, 74 ವರ್ಷ, ಶಿವಮೊಗ್ಗ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದೋರು, ಇಲ್ಲಿಗೆ ಬಂದು ಸಿಟಿಜನ್ ಆಗಿದಾರೆ. ವೋಟ್ ಹಾಕೋದಂದ್ರೆ ಅವರಿಗೆ ಹಬ್ಬ ಇದ್ದಂಗೆ, ಬೆಳಿಗ್ಗೆನೇ ಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕ್ಕೊಂಡು ರೆಡಿ ಆಗ್ಬಿಡ್ತಾರೆ. ಹೋದ ಎಲೆಕ್ಷನ್ ಟೈಮಲ್ಲಿ ಫೋನಿಗೆ ಮೆಸೇಜ್ ಬಂತು ಅಂತ ಒಬ್ಬ ಕ್ಯಾಂಡಿಡೇಟ್‌ಗೆ 25 ಡಾಲರ್ ಕೊಟ್ಟಿದ್ರು (ಯಾರು, ಯಾವ ಪಾರ್ಟಿ ಅಂತ ಬರೆಯಲ್ಲ, ಇಲ್ಲಿ ಪಾರ್ಟಿ ಜಗಳ ಶುರು ಆಗೋದು ಬೇಡ). ಮೊನ್ನೆ ಕಾರ್ಡ್ ಸ್ಟೇಟ್‌ಮೆಂಟ್ ನೋಡ್ತೀನಿ, ಪ್ರತಿ ತಿಂಗಳೂ 25 ಕಟ್ ಆಗ್ತಾನೇ ಇದೆ! ಅವರಿಗೆ ಗೊತ್ತೇ ಇಲ್ಲ. ಇದನ್ನ ಹೇಳಿದಾಗ ಅವರಿಗೆ ಬೇಜಾರಾಯ್ತು, ಆದ್ರೆ ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದಕ್ಕೆ, ಹೀಗೆ ಜನ ಕೊಟ್ಟ ದುಡ್ಡಲ್ಲಿ ಕ್ಯಾಂಡಿಡೇಟ್‌ಗಳು ತಮ್ಮ ಕೋರ್ಟ್ ಕೇಸಿಗೆ ವಕೀಲರ ಫೀಸ್ ಕಟ್ತಾರಂತೆ ಅಂತ ನನ್ನ ಮಗಳು ಬಾಯಿ ತಪ್ಪಿ ಹೇಳ್ಬಿಟ್ಲು. "ನಾನು ಕೊಟ್ಟಿದ್ದು ಪಾಂಪ್ಲೆಟ್ ಹಂಚಕ್ಕೆ, ಊರೂರಿಗೆ ಹೋಗಿ ಭಾಷಣ ಮಾಡಕ್ಕೆ. ಅವನ ಸ್ವಂತ ಕೇಸಿಗೆ ನಾನ್ಯಾಕೆ ದುಡ್ಡು ಕೊಡ್ಲಿ" ಅಂತ ಎರಡು ದಿನದಿಂದ ಅದನ್ನೇ ಕೇಳ್ತಿದಾರೆ. ನಂಗೆ ಉತ್ತರ ಗೊತ್ತಿಲ್ಲ. ಇದು ಕಾನೂನಲ್ಲಿ ನಡೆಯುತ್ತಾ? ನಡೆಯುತ್ತೆ ಅಂದ್ರೆ ಹೇಗೆ? ತಿಳಿದೋರು ದಯವಿಟ್ಟು ಬಿಡಿಸಿ ಹೇಳಿ, ಮೇಷ್ಟ್ರಲ್ವಾ, ಅರ್ಧಂಬರ್ಧ ಹೇಳಿದ್ರೆ ಒಪ್ಪಲ್ಲ ಅವರು.

ಪೊಟೊಮ್ಯಾಕ್_ದಂಡೆ:

ಮೇಡಂ, ನಾನು ಕೆಲವು ವರ್ಷ ಇಂಥ ಕಮಿಟಿಗಳ ಲೆಕ್ಕಪತ್ರ ನೋಡೋ ಕೆಲಸದಲ್ಲಿದ್ದೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ನಿಮ್ಮ ಮಾವನವರ ದುಡ್ಡು ಎಲ್ಲಿಗೆ ಹೋಯ್ತು ಅಂತ ನಂಗೆ ಗೊತ್ತಿಲ್ಲ, ಎಲ್ಲರಿಗೂ ಗೊತ್ತಿರೋ ಟ್ರಂಪ್ ಉದಾಹರಣೆ ತಗೊಂಡು ಹೇಳ್ತೀನಿ, ಯಾಕಂದ್ರೆ ಇಷ್ಟು ದೊಡ್ಡ ಮಟ್ಟದಲ್ಲಿ ಬೇರೆ ಯಾರೂ ಮಾಡಿಲ್ಲ.

ಮೊದಲು ಒಂದು ವಿಷ್ಯ ತಲೇಲಿ ಇಟ್ಕೊಳಿ. ಕ್ಯಾಂಡಿಡೇಟ್ ಹತ್ರ ಒಂದೇ ಜೇಬಿರಲ್ಲ, ಎರಡು ಮೂರು ಇರುತ್ತೆ. ಒಂದು ಅವರ ಪ್ರಚಾರದ ಕಮಿಟಿ, ಇದಕ್ಕೆ 2024ರ ಎಲೆಕ್ಷನ್‌ನಲ್ಲಿ ಒಬ್ಬ ಮನುಷ್ಯ ಪ್ರೈಮರಿಗೆ (ಪಾರ್ಟಿಯೊಳಗೆ ಕ್ಯಾಂಡಿಡೇಟ್ ಆರಿಸೋ ಎಲೆಕ್ಷನ್) 3,300 ಡಾಲರ್, ಜನರಲ್‌ಗೆ (ಮುಖ್ಯ ಎಲೆಕ್ಷನ್) 3,300 ಡಾಲರ್ ಕೊಡಬಹುದಿತ್ತು. ಈ ಅಕೌಂಟಿನ ದುಡ್ಡನ್ನ ಸ್ವಂತ ಖರ್ಚಿಗೆ ಬಳಸೋ ಹಾಗಿಲ್ಲ ಅಂತ ಫೆಡರಲ್ ಕಾನೂನಲ್ಲೇ ಇದೆ. ಸ್ವಂತ ಖರ್ಚು ಅಂದ್ರೆ ಯಾವುದು ಅಂತ ನೋಡೋಕೆ ಒಂದು ಪರೀಕ್ಷೆ ಇದೆ, ಈ ಮನುಷ್ಯ ಎಲೆಕ್ಷನ್‌ಗೆ ನಿಲ್ಲದೇ ಇದ್ದಿದ್ರೂ, ಆ ಪದವಿಲಿ ಇಲ್ಲದೇ ಇದ್ದಿದ್ರೂ ಈ ಖರ್ಚು ಬರ್ತಿತ್ತಾ? ಬರ್ತಿತ್ತು ಅಂದ್ರೆ ಅದು ಸ್ವಂತದ್ದು, ಮುಟ್ಟಂಗಿಲ್ಲ. ಮನೆ ಬಾಡಿಗೆ, ಮಕ್ಕಳ ಫೀಸು, ಬಟ್ಟೆ ಎಲ್ಲಾ ಹಾಗೇ. ವಕೀಲರ ಫೀಸಿಗೂ ಇದೇ ಪರೀಕ್ಷೆ, ಕೇಸು ಎಲೆಕ್ಷನ್‌ಗೋ ಅವರ ಸರ್ಕಾರಿ ಹುದ್ದೆಗೋ ಸಂಬಂಧಪಟ್ಟಿದ್ರೆ ಕಟ್ಟಬಹುದು, ಇಲ್ಲಾಂದ್ರೆ ಇಲ್ಲ. ನ್ಯೂಜೆರ್ಸಿಯ ನಿಮ್ಮ ಸೆನೆಟರ್ ಆಗಿದ್ದ ಮೆನೆಂಡೆಜ್ ಲಂಚದ ಕೇಸಲ್ಲಿ ಪ್ರಚಾರದ ಅಕೌಂಟಿಂದ ಲಾಯರ್‌ಗಳಿಗೆ ಕಟ್ಟಿದ್ದು ಹಾಗೇನೇ, ಆರೋಪ ಇದ್ದಿದ್ದೇ ಸೆನೆಟರ್ ಹುದ್ದೆ ಮಾರ್ಕೊಂಡ್ರು ಅಂತ.

ಎರಡನೇ ಜೇಬು ಲೀಡರ್‌ಶಿಪ್ ಪ್ಯಾಕ್ ಅನ್ನೋದು, ಪ್ಯಾಕ್ ಅಂದ್ರೆ ರಾಜಕೀಯಕ್ಕೆ ದುಡ್ಡು ಎತ್ತೋ ಕಮಿಟಿ. ಇದಕ್ಕೆ ಒಬ್ಬರು ವರ್ಷಕ್ಕೆ 5,000 ಡಾಲರ್ ಕೊಡಬಹುದು. ಇದನ್ನ ಮಾಡಿದ್ದು ದೊಡ್ಡ ಲೀಡರ್‌ಗಳು ತಮ್ಮ ಪಾರ್ಟಿಯ ಬೇರೆ ಕ್ಯಾಂಡಿಡೇಟ್‌ಗಳಿಗೆ ಸಹಾಯ ಮಾಡ್ಲಿ ಅಂತ. ಆದ್ರೆ ಆ ಸ್ವಂತ ಖರ್ಚಿನ ನಿಷೇಧ ಇದೆಯಲ್ಲ, ಅದನ್ನ ಇಲ್ಲಿನ ಫೆಡರಲ್ ಎಲೆಕ್ಷನ್ ಕಮಿಷನ್ ಈ ಎರಡನೇ ಜೇಬಿಗೆ ಅನ್ವಯ ಮಾಡೋದೇ ಇಲ್ಲ, ತೂತು ಇರೋದು ಅಲ್ಲೇ. ಕಮಿಷನ್ ತಾನೇ ಎಷ್ಟೋ ವರ್ಷದಿಂದ ಕಾಂಗ್ರೆಸ್‌ಗೆ (ಅಮೆರಿಕದ ಸಂಸತ್ತಿಗೆ) ಬರೀತಾ ಬಂದಿದೆ, ಇದಕ್ಕೂ ನಿಷೇಧ ಹಾಕಿ ಅಂತ, ಎರಡೂ ಪಾರ್ಟಿಯ ಲೀಡರ್‌ಗಳ ಹತ್ರ ಇಂಥ ಪ್ಯಾಕ್ ಇದೆ, ಕಾನೂನು ಮಾತ್ರ ಬದಲಾಗಿಲ್ಲ. ನಂಗೆ ಈ ಕೆಲಸದಲ್ಲಿದ್ದಾಗ ಹೊಟ್ಟೆ ಉರೀತಿದ್ದಿದ್ದೇ ಇದಕ್ಕೆ.

ಈಗ ಟ್ರಂಪ್ ವಿಷ್ಯ. 2020ರ ನವೆಂಬರಲ್ಲಿ ಎಲೆಕ್ಷನ್ ಸೋತ ಕೆಲವೇ ದಿನಕ್ಕೆ ಸೇವ್ ಅಮೆರಿಕ ಅಂತ ಲೀಡರ್‌ಶಿಪ್ ಪ್ಯಾಕ್ ಶುರು ಮಾಡಿದ್ರು. ಅಲ್ಲಿಂದ 2021ರ ಜನವರಿ 6ರವರೆಗೆ (ಅವರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ ದಿನ) ಎಲೆಕ್ಷನ್ ಕಳ್ಳತನ ಆಗಿದೆ, ಹೋರಾಡಕ್ಕೆ ದುಡ್ಡು ಕೊಡಿ ಅಂತ ಮೇಲಿಂದ ಮೇಲೆ ಇಮೇಲ್ ಕಳ್ಸಿ ಒಟ್ಟು 25 ಕೋಟಿ ಡಾಲರ್ ಎತ್ತಿದ್ರು. ಇಮೇಲಲ್ಲಿ ಹೇಳಿದ್ದು 'ಅಫಿಶಿಯಲ್ ಎಲೆಕ್ಷನ್ ಡಿಫೆನ್ಸ್ ಫಂಡ್' ಅಂತ. 2022ರ ಜೂನಲ್ಲಿ ಜನವರಿ 6ರ ತನಿಖಾ ಕಮಿಟಿ ಹಿಯರಿಂಗಲ್ಲಿ ಹೊರಗೆ ಬಂತು, ಆ ಹೆಸರಿನ ಫಂಡೇ ಇರ್ಲಿಲ್ಲ, ಹೆಚ್ಚಿನ ದುಡ್ಡು ಹೋಗಿದ್ದು ಸೇವ್ ಅಮೆರಿಕಕ್ಕೆ ಅಂತ. ಆಮೇಲೆ ಕೇಸುಗಳು ಶುರು ಆದ್ವು, 2023 ಒಂದೇ ವರ್ಷ ಅವರ ಪ್ಯಾಕ್‌ಗಳು ವಕೀಲರಿಗೆ ಮತ್ತೆ ಕೋರ್ಟ್ ಖರ್ಚಿಗೆ ಸುಮಾರು 5 ಕೋಟಿ ಡಾಲರ್ ಕಟ್ಟಿವೆ. ದುಡ್ಡು ಸಾಲದೆ, ಹಿಂದಿನ ವರ್ಷ ಮಾಗಾ ಇಂಕ್ ಅನ್ನೋ ಸೂಪರ್ ಪ್ಯಾಕ್‌ಗೆ (ಮಿತಿ ಇಲ್ಲದೆ ದೇಣಿಗೆ ತಗೊಳೋ ಪ್ಯಾಕ್) ಕೊಟ್ಟಿದ್ದ 6 ಕೋಟಿಯನ್ನ ವಾಪಸ್ ಕೇಳಿ ಕಂತು ಕಂತಾಗಿ ತರಿಸ್ಕೊಂಡ್ರು. ಕೊಟ್ಟ ದೇಣಿಗೆ ವಾಪಸ್ ಕೇಳೋದನ್ನ ನಾನು ಈ ಲೈನಲ್ಲಿ ಅದಕ್ಕೆ ಮುಂಚೆ ನೋಡಿರಲಿಲ್ಲ.

ಇನ್ನೊಂದು, ಇದು ನಿಮ್ಮ ಮಾವನವರಿಗೆ ಮುಖ್ಯ. ವೆಬ್‌ಸೈಟಲ್ಲಿ ದುಡ್ಡು ಕೊಡೋ ಬಟನ್ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ನೀವು ಕೊಟ್ಟಿದ್ದು ಹೇಗೆ ಹಂಚಿಕೆ ಆಗುತ್ತೆ ಅಂತ. 2022ರ ನವೆಂಬರಲ್ಲಿ ಟ್ರಂಪ್ ಮತ್ತೆ ನಿಲ್ತೀನಿ ಅಂದಾಗ ಡಾಲರಿಗೆ 99 ಸೆಂಟ್ ಪ್ರಚಾರಕ್ಕೆ, 1 ಸೆಂಟ್ ಸೇವ್ ಅಮೆರಿಕಕ್ಕೆ ಅಂತಿತ್ತು. 2023ರ ಶುರುವಲ್ಲಿ ಸದ್ದಿಲ್ಲದೆ 90 ಮತ್ತೆ 10 ಆಯ್ತು. ಪೇಜ್ ಅದೇ, ಫೋಟೋ ಅದೇ, ಬಟನ್ ಅದೇ. ವಕೀಲರ ಜೇಬಿಗೆ ಹೋಗೋ ಪಾಲು ಮಾತ್ರ ಹತ್ತು ಪಟ್ಟು.

ಕಲಘಟಗಿ_ಹುಡುಗ:

ಅಕ್ಕಾರ, ಮ್ಯಾಲೆ ಹೇಳಿದವರು ಭಾಳ ಛಲೋ ಬರದಾರ. ಆ ಪರೀಕ್ಷೆ ಅಂದ್ರಲ್ಲ, ಅದು ಹೆಂಗ ಕೆಲಸ ಮಾಡ್ತದ ಅನ್ನೂದಕ್ಕ ಒಂದು ಕೇಸ್ ಹೇಳ್ತೀನಿ, ನಿಮ್ಮ ಮಾವನವರಿಗೆ ಇದನ್ನ ಹೇಳ್ರಿ, ಸಮಾಧಾನ ಆಗ್ತದ. ಲ್ಯಾರಿ ಕ್ರೇಗ್ ಅಂತ ಐಡಾಹೊ ಸೆನೆಟರ್ ಇದ್ದ. 2007ರ ಜೂನ್‌ನಾಗ ಮಿನಿಯಾಪೊಲಿಸ್ ಏರ್‌ಪೋರ್ಟಿನ ಟಾಯ್ಲೆಟ್‌ನಾಗ ಮಫ್ತಿ ಪೊಲೀಸ್‌ನವ ಅವನ್ನ ಹಿಡದ, ಅಸಭ್ಯವಾಗಿ ನಡಕೊಂಡ ಅಂತ. ಇವ ತಪ್ಪೊಪ್ಪಿಕೊಂಡ, ಆಮ್ಯಾಲ ಸುದ್ದಿ ಹೊರಗ ಬಂದ ಕೂಡ್ಲೆ ಒಪ್ಪಿಕೊಂಡದ್ದನ್ನ ವಾಪಸ್ ತಗೊಳ್ಳಾಕ ವಕೀಲರನ್ನ ಹಿಡದ, ಅವರ ಫೀಸ್ ಪ್ರಚಾರದ ಅಕೌಂಟಿನಿಂದ ಕೊಟ್ಟ. ನಾನು ಸೆನೆಟ್ ಕೆಲಸಕ್ಕ ವಾಷಿಂಗ್ಟನ್‌ಗೆ ಹೊಂಟಿದ್ದೆ, ದಾರ್ಯಾಗ ಆದದ್ದು, ಹಂಗಾಗಿ ಇದು ಹುದ್ದೆಗೆ ಸಂಬಂಧಪಟ್ಟದ್ದು ಅಂತ ಅವನ ವಾದ. ಎಲೆಕ್ಷನ್ ಕಮಿಷನ್ನು 2012ರಾಗ ಕೋರ್ಟಿಗೆ ಹೋತು. ಕೋರ್ಟ್ ಹೇಳ್ತು, ಏರ್‌ಪೋರ್ಟ್‌ನಾಗ ಸಾದಾ ಮನಿಶ್ಯಾ ಹಂಗ ಮಾಡಿದ್ರೂ ಕೇಸ್ ಆಗ್ತಿತ್ತು, ಸೆನೆಟರ್ ಇರೂದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ. 1,97,535 ಡಾಲರ್ ಸರ್ಕಾರದ ಖಜಾನೆಗೆ ಕಟ್ಟು, ಮ್ಯಾಲೆ 45,000 ದಂಡ. 2016ರಾಗ ಅಪೀಲ್ ಕೋರ್ಟೂ ಅದನ್ನ ಎತ್ತಿಹಿಡೀತು.

ಅಂದ್ರ ಕಾನೂನಿಗೆ ಹಲ್ಲು ಐತ್ರಿ. ಆದ್ರ ಕ್ರೇಗ್ ಕೊಟ್ಟದ್ದು ಮೊದಲ್ನೇ ಜೇಬಿನಿಂದ. ಅದಕ್ಕ ಸಿಕ್ಕ.

ಫ್ರಿಸ್ಕೊ_ಗೌಡ:

ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಇಲ್ಲಿ ಕೊಡೋರಿಗೆ ಏನೂ ಗೊತ್ತಿಲ್ಲ, ಪಾಪ ಮೋಸ ಹೋಗ್ತಿದಾರೆ ಅನ್ನೋ ಥರ ಬರೀತಿದೀರ. ನಾನು ಟೆಕ್ಸಾಸಲ್ಲಿರೋನು, ನಮ್ಮ ಪಕ್ಕದ ಮನೆಯವರು ಟ್ರಂಪ್‌ಗೆ ಕೊಟ್ಟಿದ್ದೇ ಕೇಸುಗಳಿಗೆ ಅಂತ, ಬಾಯಿಬಿಟ್ಟು ಹೇಳ್ತಾರೆ. 2023ರ ಆಗಸ್ಟಲ್ಲಿ ಅಟ್ಲಾಂಟಾ ಜೈಲಲ್ಲಿ ತೆಗೆದ ಟ್ರಂಪ್‌ರ ಆ ಆರೋಪಿ ಫೋಟೋ ಬಂತಲ್ಲ, ಎರಡು ಮೂರು ದಿನದಲ್ಲಿ 71 ಲಕ್ಷ ಡಾಲರ್ ಬಂತು ಅಂತ ಅವರ ಕಡೆಯವರೇ ಹೇಳಿದ್ರು. 2024ರ ಮೇ 30ಕ್ಕೆ ನ್ಯೂಯಾರ್ಕಲ್ಲಿ 34 ಆರೋಪದಲ್ಲೂ ತಪ್ಪಿತಸ್ಥ ಅಂತ ತೀರ್ಪು ಬಂದ ದಿನ ದುಡ್ಡು ಕೊಡೋ ಸೈಟೇ ಕೂತ್ಕೊಂಡ್ಬಿಡ್ತು, 24 ಗಂಟೇಲಿ 5 ಕೋಟಿ 28 ಲಕ್ಷ ಡಾಲರ್ ಬಂತು ಅಂದ್ರು. ಈ ಕೇಸುಗಳು ರಾಜಕೀಯದ್ದು ಅಂತ ನಂಬಿದೋರಿಗೆ ವಕೀಲರ ಫೀಸೂ ಪ್ರಚಾರದ ಖರ್ಚೇ. ಆ ಮನುಷ್ಯ ಜೈಲಿಗೆ ಹೋದ್ರೆ ಪ್ರಚಾರ ಯಾರು ಮಾಡ್ತಾರೆ? ಹಿಂದೆ ಕ್ಲಿಂಟನ್ ಪ್ರೆಸಿಡೆಂಟ್ ಆಗಿದ್ದಾಗ್ಲೂ ಲಾಯರ್ ಫೀಸಿಗೆ ಜನರ ಹತ್ರ ಎತ್ತಿದ್ರು, ಅದನ್ನೂ ಹೇಳಿ.

ಪೊಟೊಮ್ಯಾಕ್_ದಂಡೆ:

ಗೌಡ್ರೇ, ಕೇಸಿಗೆ ಅಂತ ಗೊತ್ತಿದ್ದು ಕೊಟ್ಟೋರ ಬಗ್ಗೆ ನನ್ನ ತಕರಾರಿಲ್ಲ, ಅದು ಅವರ ದುಡ್ಡು ಅವರ ಇಷ್ಟ. ಆದ್ರೆ ನೀವು ಹೇಳಿದ ಕ್ಲಿಂಟನ್ ಉದಾಹರಣೆನೇ ನನ್ನ ಪರ ಸಾಕ್ಷಿ. 1994ರಲ್ಲಿ ಅವರು ಮಾಡಿದ್ದು ಟ್ರಸ್ಟ್, ಅದರ ಹೆಸರಲ್ಲೇ ಲೀಗಲ್ ಎಕ್ಸ್‌ಪೆನ್ಸ್ ಅಂತ ಇತ್ತು, ಒಬ್ಬರು ವರ್ಷಕ್ಕೆ 1,000 ಡಾಲರಿಗಿಂತ ಜಾಸ್ತಿ ಕೊಡಂಗಿರ್ಲಿಲ್ಲ. ಹಾಗೆ ಬೋರ್ಡ್ ಹಾಕ್ಕೊಂಡು ಕೂತ್ರೆ ಯಾರಿಗೂ ಗೊಂದಲ ಇಲ್ಲ. ಸೆನೆಟ್ ಮತ್ತೆ ಹೌಸ್ ಮೆಂಬರ್‌ಗಳಿಗೂ ಇಂಥ ಪ್ರತ್ಯೇಕ ಫಂಡ್ ಮಾಡಕ್ಕೆ ಅವಕಾಶ ಇದೆ, ಸೆನೆಟಲ್ಲಿ ಒಬ್ಬರಿಂದ ವರ್ಷಕ್ಕೆ 10,000, ಹೌಸಲ್ಲಿ 5,000. ಟ್ರಂಪ್ ಕಡೆಯವರೇ 2023ರ ಜುಲೈಲಿ ಪೇಟ್ರಿಯಟ್ ಲೀಗಲ್ ಡಿಫೆನ್ಸ್ ಫಂಡ್ ಅಂತ ಒಂದು ಮಾಡಿದ್ರು, ಅವರ ಸಹಾಯಕರ ಕೇಸುಗಳಿಗೆ ಅಂತ. ಅಂದ್ರೆ ದಾರಿ ಗೊತ್ತಿತ್ತು.

ನನ್ನ ಜಗಳ ಇರೋದು 'ಎಲೆಕ್ಷನ್ ಗೆಲ್ಲೋಣ' ಅಂತ ಮೇಲೆ ಬರೆದು ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಜೇಬಿಗೆ ಹಾಕೋದ್ರ ಬಗ್ಗೆ. 2020ರಲ್ಲಿ ಮರು ಎಣಿಕೆಗೆ ಅಂತ 50 ಡಾಲರ್ ಕೊಟ್ಟೋರ ದುಡ್ಡಲ್ಲಿ ಮರು ಎಣಿಕೆ ಅಕೌಂಟಿಗೆ ಒಂದು ಸೆಂಟೂ ಹೋಗ್ತಿರಲಿಲ್ಲ, ಹಂಚಿಕೆ ಹಾಗೆ ಬರೆದಿದ್ರು. ಅವರಲ್ಲಿ ಪೆನ್ಷನ್‌ನಲ್ಲಿ ಬದುಕೋರು ಎಷ್ಟು ಜನ ಇದ್ರು ಅಂತ ನಾನು ರಿಪೋರ್ಟ್ ಓದಿ ಓದಿ ನೋಡಿದೀನಿ, ಉದ್ಯೋಗದ ಕಾಲಂನಲ್ಲಿ ರಿಟೈರ್ಡ್, ರಿಟೈರ್ಡ್, ರಿಟೈರ್ಡ್ ಅಂತ ಪುಟಗಟ್ಟಲೆ. ಆಯ್ಕೆ ಅವರದ್ದು ಅಂತ ಹೇಳ್ಬೇಕಾದ್ರೆ ಆಯ್ಕೆ ಮಾಡೋ ಅಷ್ಟು ದೊಡ್ಡ ಅಕ್ಷರದಲ್ಲಿ ಬರೀಬೇಕಲ್ವಾ.

ಇನ್ನೊಂದು ಗಂಭೀರ ವಿಷ್ಯ ಜನ ಮರೀತಾರೆ. ಟ್ರಂಪ್ ಪ್ಯಾಕ್ ಬರೀ ಅವರ ಲಾಯರ್‌ಗಳಿಗಲ್ಲ, ಸಾಕ್ಷಿಗಳ ಲಾಯರ್‌ಗಳಿಗೂ ಕಟ್ತು. ವೈಟ್‌ಹೌಸಲ್ಲಿ ಕೆಲಸ ಮಾಡಿದ್ದ ಕ್ಯಾಸಿಡಿ ಹಚಿನ್ಸನ್ ಜನವರಿ 6ರ ಕಮಿಟಿ ಮುಂದೆ ಸಾಕ್ಷಿ ಹೇಳೋ ಮುಂಚೆ ಅವರ ಮೊದಲ ವಕೀಲರಿಗೆ ದುಡ್ಡು ಹೋಗ್ತಿದ್ದಿದ್ದು ಟ್ರಂಪ್ ಕಡೆಯಿಂದ. ಅವರು ಆ ವಕೀಲರನ್ನ ಬಿಟ್ಟು ಬೇರೆಯವರನ್ನ ಇಟ್ಕೊಂಡ ಮೇಲೇನೇ ಎಲ್ಲರ ಮುಂದೆ ಬಂದು ಹೇಳಿದ್ದು. ಫೀಸ್ ಕಟ್ಟೋನು ಯಾರು ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಹೊಸಬ_ಆಸ್ಟಿನ್:

ಎಚ್1ಬಿ ಲಿ ಇರೋರು ಕೊಡಬಹುದಾ? ನನ್ನ ಟೀಮಲ್ಲಿ ಎಲ್ಲಾ ಕೊಡ್ತಿದ್ರು, ನಂಗೂ ಲಿಂಕ್ ಕಳ್ಸಿದ್ರು.

ಕಲಘಟಗಿ_ಹುಡುಗ:

ಬ್ಯಾಡಪಾ ತಮ್ಮ. ಸಿಟಿಜನ್ ಇರಬೇಕು, ಇಲ್ಲಾ ಗ್ರೀನ್ ಕಾರ್ಡ್ ಇರಬೇಕು. ವೀಸಾದ ಮ್ಯಾಲೆ ಇರೋರು ಒಂದು ಡಾಲರ್ ಕೊಡೂದೂ ಕಾನೂನಿಗೆ ವಿರುದ್ಧ, ಯಾವ ಎಲೆಕ್ಷನ್‌ಗೂ ಕೊಡೂಹಂಗಿಲ್ಲ. ಲಿಂಕ್ ಡಿಲೀಟ್ ಮಾಡು.

ಜಯನಗರ_4ನೇಬ್ಲಾಕ್:

ನಾನು ಬೆಂಗಳೂರಿಂದ, ಓದ್ತಾ ಓದ್ತಾ ನಂಗನ್ಸಿದ್ದು, ಅಲ್ಲಿ ತೂತು ಇದ್ರೂ ತೂತು ಎಲ್ಲಿದೆ ಅಂತ ಸಾಮಾನ್ಯ ಮನುಷ್ಯ ನೋಡಬಹುದಲ್ಲ. ನಮ್ಮಲ್ಲಿ ಲೋಕಸಭೆ ಕ್ಯಾಂಡಿಡೇಟ್ 95 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡಂಗಿಲ್ಲ ಅಂತಾರೆ, ಪಾರ್ಟಿ ಖರ್ಚಿಗೆ ಮಿತಿನೇ ಇಲ್ಲ, 20,000 ರೂಪಾಯಿ ಮೀರದ ದೇಣಿಗೆಗೆ ಕೊಟ್ಟೋರ ಹೆಸರು ಹೇಳಬೇಕಾಗಿಲ್ಲ. ಎಲೆಕ್ಟೋರಲ್ ಬಾಂಡ್ ಯಾರು ಯಾರಿಗೆ ಕೊಟ್ರು ಅಂತ ತಿಳ್ಕೊಳಕ್ಕೆ 2024ರ ಫೆಬ್ರವರಿಲಿ ಸುಪ್ರೀಂ ಕೋರ್ಟೇ ಬರಬೇಕಾಯ್ತು. ಅಲ್ಲಿ ವಕೀಲರಿಗೆ ಎಷ್ಟು ಹೋಯ್ತು ಅಂತ ಡಾಲರ್ ಲೆಕ್ಕ ಸಿಗುತ್ತೆ ಅನ್ನೋದೇ ನಂಗೆ ಆಶ್ಚರ್ಯ.

ಪೊಟೊಮ್ಯಾಕ್_ದಂಡೆ:

ನಿಜ ಸರ್, ಅದಕ್ಕೇ ಮೇಡಂಗೆ ಇದನ್ನ ಹೇಳೋಣ ಅಂತಿದ್ದೆ. ಫೆಡರಲ್ ಎಲೆಕ್ಷನ್ ಕಮಿಷನ್ ವೆಬ್‌ಸೈಟಿಗೆ ಹೋಗಿ ಕಮಿಟಿ ಹೆಸರು ಹಾಕಿ, ಅದರ ಖರ್ಚಿನ ಪಟ್ಟಿ ಬರುತ್ತೆ, ಉದ್ದೇಶದ ಕಾಲಂನಲ್ಲಿ ಲೀಗಲ್ ಅಂತ ಇರೋದನ್ನೆಲ್ಲ ಹುಡುಕಿ. ಆದ್ರೆ ಮೊದಲು ರಸೀದಿ ಇಮೇಲ್ ತೆಗೆದು ಯಾವ ಕಮಿಟಿಗೆ ಹೋಗಿದೆ ಅಂತ ನೋಡಿ, ಹೆಸರಲ್ಲಿ ಜಾಯಿಂಟ್ ಅಂತಲೋ ಎರಡು ಮೂರು ಕಮಿಟಿ ಒಟ್ಟಿಗೆ ಅಂತಲೋ ಇದ್ರೆ ಹಂಚಿಕೆ ಆಗಿದೆ ಅಂತ ಅರ್ಥ. ತಿಂಗಳು ತಿಂಗಳು ಕಟ್ ಆಗೋದಕ್ಕೆ ಕಾರಣ ಬಹುಶಃ ದುಡ್ಡು ಕೊಡೋ ಪೇಜಲ್ಲಿ 'ಪ್ರತಿ ತಿಂಗಳೂ ಕೊಡ್ತೀನಿ' ಅಂತ ಮೊದಲೇ ಟಿಕ್ ಹಾಕಿಟ್ಟಿರೋ ಬಾಕ್ಸ್. 2020ರಲ್ಲಿ ಇದೇ ಬಾಕ್ಸ್ ಬಗ್ಗೆ ದೂರಿನ ಮೇಲೆ ದೂರು ಬಂದು ಟ್ರಂಪ್ ಪ್ರಚಾರ ಮತ್ತೆ ಪಾರ್ಟಿ ಸೇರಿ ಆ ವರ್ಷ 12 ಕೋಟಿ ಡಾಲರಿಗಿಂತ ಜಾಸ್ತಿ ವಾಪಸ್ ಕೊಟ್ಟಿದ್ರು, 2021ರಲ್ಲಿ ಎಲೆಕ್ಷನ್ ಕಮಿಷನ್ನಿನ ಆರೂ ಜನ ಒಮ್ಮತದಿಂದ ಇಂಥ ಬಾಕ್ಸ್ ನಿಷೇಧ ಮಾಡಿ ಅಂತ ಕಾಂಗ್ರೆಸ್‌ಗೆ ಹೇಳಿದ್ರು. ಹಾಗಾಗಿ ವಾಪಸ್ ಕೇಳಕ್ಕೆ ಸಂಕೋಚ ಬೇಡ, ರಸೀದಿಲಿರೋ ಲಿಂಕಿಂದ ಕೇಳಿ, ಆಗ್ಲಿಲ್ಲ ಅಂದ್ರೆ ಕಾರ್ಡ್ ಬ್ಯಾಂಕಿಗೆ ಫೋನ್ ಮಾಡಿ.

ತುಂಗಾತೀರ_ಎನ್‌ಜೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ರಾತ್ರಿ ಊಟ ಆದ್ಮೇಲೆ ಇಡೀ ಥ್ರೆಡ್ ಮಾವನವರಿಗೆ ಓದಿ ಹೇಳ್ದೆ. ಏರ್‌ಪೋರ್ಟ್ ಕೇಸಿನದ್ದು ಎರಡು ಸಲ ಓದಿಸ್ಕೊಂಡ್ರು, ದಂಡ ಎಷ್ಟು ಅಂತ ಡೈರೀಲಿ ಬರ್ಕೊಂಡ್ರು. ರಸೀದಿ ತೆಗೆದು ನೋಡಿದ್ವಿ, ಮೂರು ಕಮಿಟಿ ಹೆಸರು ಇದೆ ಅದರಲ್ಲಿ, ಕೆಳಗೆ ಹಂಚಿಕೆ ಬರೆದಿದಾರೆ, ಕನ್ನಡಕ ಹಾಕ್ಕೊಂಡ್ರೂ ಕಾಣ್ಲಿಲ್ಲ ಅವರಿಗೆ, ಫೋನಲ್ಲಿ ದೊಡ್ಡದು ಮಾಡಿ ತೋರಿಸ್ದೆ. ಕಟ್ ಆಗೋದು ನಿಲ್ಲಿಸಿ ರೀಫಂಡ್‌ಗೆ ಹಾಕಿದೀವಿ.

ಗೌಡ್ರೇ, ಅವರು ನಿಮಗೊಂದು ಮಾತು ಹೇಳು ಅಂದ್ರು: "ಕೇಸಿಗೆ ಬೇಕು ಅಂತ ನೇರವಾಗಿ ಕೇಳಿದ್ದಿದ್ರೆ ಕೊಡ್ತಿದ್ನೋ ಏನೋ, ಕೇಳ್ಲೇ ಇಲ್ಲವಲ್ಲ." ನಾಳೆ ಇಬ್ರೂ ಕೂತು ಆ ಮೂರು ಕಮಿಟಿ ಖರ್ಚಿನ ಪಟ್ಟಿ ನೋಡ್ಬೇಕು ಅಂತಿದಾರೆ, ಅರ್ಥ ಆಗದೇ ಇದ್ರೆ ಮತ್ತೆ ಇಲ್ಲೇ ಕೇಳ್ತೀನಿ.