ಮ್ಯಾನೇಜರ್ ಸರ್‌ಗೆ ಕೇಳಿ: 2008ರಲ್ಲಿ ಅಮೆರಿಕದ ಮನೆಸಾಲ ಮುಳುಗಿದ್ದು ಯಾರಿಂದ?

ಉತ್ತರಿಸುವವರು: ಬ್ಯಾಂಕಿನ ಗೃಹಸಾಲ ವಿಭಾಗದಿಂದ ನಿವೃತ್ತರಾದ ನಮ್ಮ ಗುಂಪಿನ ಸದಸ್ಯರು

ಶಿವಮೊಗ್ಗ ಮಳೆ: ವಾಲ್ ಸ್ಟ್ರೀಟ್‌ನ ದೊಡ್ಡ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ಮುಳುಗಿದ್ದೇ ಮೂಲ ಕಾರಣ ಅಲ್ವಾ ಸರ್?

ಮ್ಯಾನೇಜರ್: ಅಲ್ಲ. ಲೆಹ್ಮನ್ ದಿವಾಳಿ ಆಗಿದ್ದು 2008ರ ಸೆಪ್ಟೆಂಬರ್ 15ಕ್ಕೆ. ಸಬ್‌ಪ್ರೈಮ್ ಸಾಲ, ಅಂದರೆ ತೀರಿಸೋ ನಂಬಿಕೆ ಕಡಿಮೆ ಇರೋರಿಗೆ ದುಬಾರಿ ಬಡ್ಡಿಗೆ ಸಾಲ ಕೊಡ್ತಿದ್ದ ನ್ಯೂ ಸೆಂಚುರಿ ಕಂಪನಿ 2007ರ ಏಪ್ರಿಲ್‌ನಲ್ಲೇ ದಿವಾಳಿ ಅರ್ಜಿ ಹಾಕಿತ್ತು.

ಫೀನಿಕ್ಸ್ ಕನ್ನಡಿಗ: 2005ರಲ್ಲಿ ಇಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಸಾಲ ಮಾಡಿ ಮನೆ ತಗೊಂಡೆ ಸರ್. ಬ್ರೋಕರ್ ಪೇ ಸ್ಲಿಪ್ ಕೇಳಲಿಲ್ಲ, "ಆದಾಯ ಎಷ್ಟು ಅಂತ ಬರ್ಕೊಳ್ಳಲಿ?" ಅಂದ. ಎರಡು ವರ್ಷ ಕಂತು ಸಲೀಸು, ಆಮೇಲೆ ಏಕಾಏಕಿ ಏರಿತು. ಕಟ್ಟೋಕಾಗಲ್ಲ ಅಂತ ಗೊತ್ತಿದ್ದೂ ಯಾಕೆ ಕೊಟ್ಟರು?

ಮ್ಯಾನೇಜರ್: ಇದು ಪ್ರಶ್ನೆ! ನಿಮ್ಮದು 2/28 ಸಾಲ ಅನ್ನಿಸುತ್ತೆ. ಮೊದಲ 2 ವರ್ಷ ಕಡಿಮೆ ಸ್ಥಿರ ಬಡ್ಡಿ, ಉಳಿದ 28 ವರ್ಷ ಏರಿಳಿಯೋ ಬಡ್ಡಿ. ಏರಿದ ಕಂತು ನೀವು ಕಟ್ಟಬೇಕು ಅಂತ ಅವರು ಲೆಕ್ಕ ಹಾಕಿರಲೇ ಇಲ್ಲ. ಅಷ್ಟರಲ್ಲಿ ಮನೆ ಬೆಲೆ ಏರಿರುತ್ತೆ, ಹೊಸ ಸಾಲ ಮಾಡಿ ಹಳೇದು ತೀರಿಸ್ತೀರಿ ಅನ್ನೋದೇ ಲೆಕ್ಕ. ಸಹಿ ಬಿದ್ದ ಕೂಡಲೇ ಬ್ರೋಕರ್‌ಗೆ ಕಮಿಷನ್. ಕಂಪನಿ ಆ ಸಾಲವನ್ನು ವಾಲ್ ಸ್ಟ್ರೀಟ್‌ಗೆ ಮಾರಿತು. ಅಲ್ಲಿ ಸಾವಿರಾರು ಸಾಲ ಒಟ್ಟುಮಾಡಿ ಬಾಂಡ್ ಹೊರಡಿಸಿದರು. ಅದಕ್ಕೆ ಎಎಎ, ಅಂದರೆ ಅತಿ ಸುರಕ್ಷಿತ ಅನ್ನೋ ದರ್ಜೆ ಕೊಟ್ಟ ರೇಟಿಂಗ್ ಕಂಪನಿಗೆ ಫೀಸು ಕೊಟ್ಟಿದ್ದೂ ಬಾಂಡ್ ಹೊರಡಿಸಿದವರೇ. ನಮ್ಮ ಶಾಖೆಯಲ್ಲಿ ಸಾಲ ಕೆಟ್ಟರೆ ಮಂಜೂರು ಮಾಡಿದ ನನ್ನನ್ನೇ ಹಿಡಿದು ಕೇಳ್ತಿದ್ದರು. ಅಲ್ಲಿ ಯಾರನ್ನು ಕೇಳೋದು? ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್‌ನ ಬಡ್ಡಿ ದರ 1%ನಿಂದ 2006ರ ಜೂನ್ ಹೊತ್ತಿಗೆ 5.25% ಆಗಿತ್ತು, ಮನೆ ಬೆಲೆಯೂ ನಿಂತಿತು, ಹೊಸ ಸಾಲ ಹುಟ್ಟಲಿಲ್ಲ. ನಿಮ್ಮ ಫೀನಿಕ್ಸ್‌ನಲ್ಲಂತೂ ಬೆಲೆ ಅರ್ಧಕ್ಕಿಂತ ಕೆಳಗೆ ಹೋಯ್ತು. ಬೇಗ ತೀರಿಸಿದರೆ ದಂಡ ಅಂತ ಷರತ್ತಿತ್ತಾ? ಕಾಗದ ನೋಡಿ ಹೇಳಿ.

ಹಾಸನದ ಹೈದ: ಬಡವರಿಗೆ ಸಾಲ ಕೊಡಿ ಅಂತ 1977ರ ಕಾಯ್ದೆ ಹಿಡ್ಕೊಂಡು ಅಮೆರಿಕದ ಸರ್ಕಾರವೇ ಬ್ಯಾಂಕ್‌ಗಳ ಕುತ್ತಿಗೆ ಮೇಲೆ ಕೂತಿತ್ತು. ಅದನ್ನ ಹೇಳಿ.

ತುಮಕೂರು ಕಾಮರ್ಸ್: 1977ರ ಕಾಯ್ದೆ 2005ರಲ್ಲಿ ಎದ್ದು ಬಂತಾ? ದುಬಾರಿ ಬಡ್ಡಿಯ ಸಾಲಗಳಲ್ಲಿ ಆ ಕಾಯ್ದೆಗೆ ಒಳಪಟ್ಟ ಬ್ಯಾಂಕ್‌ಗಳು ಬಡವರಿಗೆ ಕೊಟ್ಟಿದ್ದು ಬರೀ 6% ಅಂತ ಫೆಡ್‌ನವರೇ ಲೆಕ್ಕ ಕೊಟ್ಟಿದ್ದಾರೆ.

ಹಾಸನದ ಹೈದ: ಮನೆಸಾಲ ಕೊಂಡುಕೊಳ್ಳೋ, ಸರ್ಕಾರದ ಬೆಂಬಲದ ಕಂಪನಿಗಳಾದ ಫ್ಯಾನಿ ಮೇ, ಫ್ರೆಡಿ ಮ್ಯಾಕ್ ಸಾಚಾನಾ? 2008ರಲ್ಲಿ ಸರ್ಕಾರ ಯಾಕೆ ವಶಕ್ಕೆ ತಗೊಳ್ತು?

ತುಮಕೂರು ಕಾಮರ್ಸ್: ಐರ್ಲೆಂಡ್, ಸ್ಪೇನ್‌ನಲ್ಲೂ ಮನೆ ಬೆಲೆ ಉಬ್ಬಿ ಒಡೀತು. ಅಲ್ಲಿ ಯಾವ ಫ್ಯಾನಿ ಇದ್ದಳು?

ಹಾಸನದ ಹೈದ: ಆಯ್ತು ಮೇಷ್ಟ್ರೇ, ಪಾಠ ಮುಗೀತಾ?

ಮ್ಯಾನೇಜರ್: ಫ್ಯಾನಿ, ಫ್ರೆಡಿ ಈ ಆಟಕ್ಕೆ ತಡವಾಗಿ ಇಳಿದು ಕೆಟ್ಟವು. ಶುರು ಮಾಡಿದ್ದು ಅವಲ್ಲ. ಜಗಳ ಪರ್ಸನಲ್‌ನಲ್ಲಿ ಆಡ್ಕೊಳ್ಳಿ.

ಮೈಸೂರು ಮಲ್ಲಿಗೆಬಳ್ಳಿ: ಫಾರ್ವರ್ಡ್ ಬಂದಿದೆ ಸರ್: "ಕಂತು ನಿಲ್ಲಿಸಿ, ಬ್ಯಾಂಕೇ ಮಾತುಕತೆಗೆ ಬರುತ್ತೆ. ಅಮೆರಿಕದವರು ಮನೆ ಕೀ ವಾಪಸ್ ಕೊಟ್ಟು ಪಾರಾದರು." ನಿಜಾನಾ?

ಮ್ಯಾನೇಜರ್: ಮತ್ತೆ ಬಂತಾ ಇದು! ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳ ಕಾನೂನು ಬೇರೆ ತಾಯಿ. ಇಲ್ಲಿ 90 ದಿನ ಬಾಕಿ ದಾಟಿದರೆ ಎನ್‌ಪಿಎ (ಕೆಟ್ಟ ಸಾಲ), ಅಡವಿಟ್ಟ ಆಸ್ತಿ ವಶಕ್ಕೆ ತಗೊಳ್ಳೋ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್, ಆಮೇಲೆ ಹರಾಜು. ಅದರಲ್ಲೂ ತೀರದಿದ್ದರೆ ಉಳಿದದ್ದು ನಿಮ್ಮ ತಲೆಗೆ, ಜಾಮೀನು ಹಾಕಿದವರ ತಲೆಗೆ. ಫಾರ್ವರ್ಡ್ ಮಾಡಿದವರು ಬಂದು ಕಟ್ತಾರಾ?

 

ಬಳ್ಳಾರಿ: ನಮ್ಮಲ್ಲಿ ಯಾಕೆ ಆಗಲಿಲ್ಲ ಸರ್? ಲೆಹ್ಮನ್ ಇಲ್ಲಿ ಇರಲಿಲ್ಲ ಅಂತಾನಾ?

ಮ್ಯಾನೇಜರ್: ಲೆಹ್ಮನ್ ಬಗ್ಗೆ ಮೇಲೆ ಓದಿ. ವೈ.ವಿ. ರೆಡ್ಡಿ ಗವರ್ನರ್ ಆಗಿದ್ದಾಗ, 2004ರಲ್ಲೇ, ರಿಸರ್ವ್ ಬ್ಯಾಂಕ್ ಮನೆಸಾಲದ ರಿಸ್ಕ್ ವೇಟ್ (ಸಾಲಕ್ಕೆ ಬ್ಯಾಂಕ್ ಎಷ್ಟು ಸ್ವಂತ ಬಂಡವಾಳ ಇಡಬೇಕು ಅನ್ನೋದರ ಅಳತೆ) 50ರಿಂದ 75%ಕ್ಕೆ ಏರಿಸಿತ್ತು. ಅದೊಂದು ಕಾರಣ.

ಫೀನಿಕ್ಸ್ ಕನ್ನಡಿಗ: ಕಾಗದ ಸಿಕ್ತು ಸರ್. 2 ವರ್ಷದೊಳಗೆ ತೀರಿಸಿದರೆ ದಂಡ ಅಂತಿದೆ.

ಮ್ಯಾನೇಜರ್: ಅಂದ್ಕೊಂಡೆ. ಬಡ್ಡಿ ಏರೋ ಮುಂಚೆ ಹೊರಗೆ ಬರೋಕೂ ಬಿಟ್ಟಿಲ್ಲ. ಆ ಷರತ್ತು ಸೇರಿಸಿದರೆ ಎಷ್ಟೋ ಕಡೆ ಬ್ರೋಕರ್‌ಗೆ ಕಮಿಷನ್ ಜಾಸ್ತಿ ಸಿಗ್ತಿತ್ತು.