ಎಲ್ಲರೂ ಬಳಸುವ ಟೇಬಲ್ ಸಾ: ಬ್ಲೇಡ್ ಯಾರು ತರಬೇಕು, ಯಾರು ಬದಲಾಯಿಸಬೇಕು?

ಅರೆಬಡಗಿ:

ನಮ್ಮದು ಹತ್ತಾರು ಜನ ಸೇರಿ ಬಳಸುವ ಮರಗೆಲಸದ ಶೆಡ್. ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ದುಂಡನೆಯ ಬ್ಲೇಡ್ ಮೇಲೆದ್ದು ತಿರುಗುವ ಗರಗಸ, ಇರುವುದು ಒಂದೇ. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದು ಎರಡು ವರ್ಷವಾಯಿತು. ಯಾರೂ ವಹಿಸಿದ್ದಲ್ಲ. ಒಂದು ದಿನ ಸುಮ್ನೆ ಪೊರಕೆ ಹಿಡಿದು ಹೊಟ್ಟು ಗುಡಿಸುತ್ತಿದ್ದೆ, ಅವತ್ತಿನಿಂದ ನಾನೇ ಯಜಮಾನ.

ಕಳೆದ ವಾರ ಬಾಗಿಲು ತೆಗೆದರೆ ಸುಟ್ಟ ವಾಸನೆ. ಸಾಗೆ ಹಾಕಿದ್ದು 80 ಹಲ್ಲಿನ ಬ್ಲೇಡ್, ಪ್ಲೈವುಡ್ಡಿಗೆ ಅಂತಲೇ ಇಟ್ಟಿದ್ದು. ಅದರಲ್ಲಿ ಯಾರೋ ಎರಡಿಂಚು ದಪ್ಪದ ಗಟ್ಟಿ ಮರವನ್ನು ಉದ್ದಕ್ಕೆ ಕೊಯ್ದಿದ್ದಾರೆ. ಬುಟ್ಟಿಯಲ್ಲಿ ಬಿದ್ದಿದ್ದ ತುಂಡಿನ ಅಂಚು ಇದ್ದಿಲಿನಂತಿತ್ತು. ಬ್ಲೇಡ್ ಬಿಚ್ಚಿ ನೋಡಿದೆ. ಹಲ್ಲುಗಳ ಪಕ್ಕಕ್ಕೆಲ್ಲ ಕಪ್ಪು ಅಂಟು ಮೆತ್ತಿದೆ. ಮೂರು ಹಲ್ಲುಗಳ ಕಾರ್ಬೈಡ್ ತುದಿ ಹಾರಿಹೋಗಿದೆ, ಬಹುಶಃ ಮರದೊಳಗೆ ಮೊಳೆ ಇತ್ತೇನೋ. ಯಾರು ಮಾಡಿದ್ದು ಅಂತ ಕೇಳಿದರೆ ಎಲ್ಲರೂ ಗೋಡೆ ನೋಡಿದರು. ನಾನು 14 ನಿಯಮ ಬರೆದು ಅಂಟಿಸಿದ ಗೋಡೆಯನ್ನಲ್ಲ, ಅದರ ಎದುರಿನದ್ದನ್ನು.

ಹೊಸಬರಿಗೆ ಒಂದು ಗಂಟೆ ತರಬೇತಿ ಕೊಡುತ್ತೇವೆ. ಸ್ವಿಚ್, ಫೆನ್ಸ್ (ಹಲಗೆಯನ್ನು ಒರಗಿಸಿ ತಳ್ಳುವ ಪಕ್ಕದ ಪಟ್ಟಿ), ಪುಶ್ ಸ್ಟಿಕ್ (ಕೈ ಬದಲು ಹಲಗೆ ತಳ್ಳುವ ಕೋಲು) ತೋರಿಸಿ, ಒಂದು ಹಲಗೆ ಕೊಯ್ಯಿಸಿ, ಪುಸ್ತಕದಲ್ಲಿ ಸಹಿ ಹಾಕಿಸುತ್ತೇವೆ. ಬ್ಲೇಡ್ ವಿಷಯಕ್ಕೆ ಒಂದೇ ಮಾತು: ಮುಟ್ಟಬೇಡಿ.

ಈಗ ಎರಡು ಯೋಚನೆ ಇದೆ. ಒಂದು, ಅವರವರ ಬ್ಲೇಡ್ ಅವರೇ ತರಲಿ, ಹಾಳಾದರೆ ಅವರದ್ದು. ಇನ್ನೊಂದು, ಎಲ್ಲದಕ್ಕೂ ಆಗುವ 40 ಹಲ್ಲಿನದ್ದೊಂದು ಹಾಕಿ ಬಿಗಿದುಬಿಡೋದು, ಯಾರೂ ಬಿಚ್ಚೋ ಹಾಗಿಲ್ಲ. ನಿಮ್ಮಲ್ಲಿ ಹೇಗೆ ಮಾಡುತ್ತೀರಿ?

ಸಾಣೆಕಲ್ಲು:

ಮೊದಲನೆಯದು ಬೇಡವೇ ಬೇಡ. ನಾವು ಅದನ್ನು ಮಾಡಿ ಕೈ ಸುಟ್ಟುಕೊಂಡಿದ್ದೇವೆ.

ಯಾಕೆ ಅಂತ ಹೇಳುತ್ತೇನೆ. ಬ್ಲೇಡಿನ ಹಿಂದೆ ಒಂದು ತಗಡು ನಿಂತಿರುತ್ತದಲ್ಲ, ರೈವಿಂಗ್ ನೈಫ್. ಕೊಯ್ದ ಸಂದು ಹಿಂದೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವುದು ಅದರ ಕೆಲಸ. ಅದು ಬ್ಲೇಡಿನ ತಟ್ಟೆಗಿಂತ ದಪ್ಪ ಇರಬೇಕು, ಹಲ್ಲು ಕೊಯ್ಯುವ ಸಂದಿಗಿಂತ ತೆಳ್ಳಗಿರಬೇಕು. 10 ಇಂಚಿನ ಮಾಮೂಲಿ ಬ್ಲೇಡ್ ಸುಮಾರು 3.2 ಮಿ.ಮೀ. ಸಂದು ಮಾಡುತ್ತದೆ. ತೆಳು ಬ್ಲೇಡ್ ಸುಮಾರು 2.4. ನಮ್ಮಲ್ಲಿ ಒಬ್ಬರು ತೆಳು ಬ್ಲೇಡ್ ತಂದು ಹಾಕಿದರು. ನೈಫ್ 2.6 ಇತ್ತು. ಹಲಗೆ ಅರ್ಧ ದಾಟಿದ ಮೇಲೆ ಮುಂದಕ್ಕೇ ಹೋಗಲಿಲ್ಲ. ಅವರೇನು ಮಾಡಿದರು ಗೊತ್ತಾ? ಸಾ ನಿಲ್ಲಿಸಿ, ಅಡ್ಡ ಬಂತು ಅಂತ ನೈಫನ್ನೇ ಕಿತ್ತು ಪಕ್ಕಕ್ಕಿಟ್ಟು ಮತ್ತೆ ಕೊಯ್ದರು. ಸಂಜೆ ನಾನು ಹೋದಾಗ ನೈಫ್ ಕಿಟಕಿಯ ಮೇಲಿತ್ತು. ಮಧ್ಯೆ ಎಷ್ಟು ಜನ ಹಾಗೇ ಕೊಯ್ದರೋ!

ಇನ್ನು 80 ಹಲ್ಲಿನದ್ದು. ಉದ್ದಕ್ಕೆ ಕೊಯ್ಯುವಾಗ ಮರದ ನಾರು ಉದ್ದುದ್ದ ಎಳೆಯಾಗಿ ಬರುತ್ತದೆ. 24 ಹಲ್ಲಿನದ್ದರಲ್ಲಿ ಹಲ್ಲುಗಳ ನಡುವಿನ ಗುಳಿ ದೊಡ್ಡದು, ಅಷ್ಟನ್ನೂ ಹೊತ್ತು ಹೊರಗೆ ಹಾಕುತ್ತದೆ. 80ರಲ್ಲಿ ಗುಳಿ ಚಿಕ್ಕದು, ತುಂಬಿಕೊಳ್ಳುತ್ತದೆ. ಆಮೇಲೆ ಕೊಯ್ಯೋದಲ್ಲ, ಉಜ್ಜೋದು. ಉಜ್ಜಿದರೆ ಬಿಸಿ, ಬಿಸಿಗೆ ಅಂಟು, ಅಂಟಿಗೆ ಇನ್ನೂ ಬಿಸಿ. ಜನ ಜೋರಾಗಿ ತಳ್ಳುತ್ತಾರೆ. ಕೈ ಜಾರುವುದು ಆಗಲೇ.

ನಿಮ್ಮ ಎರಡನೇ ಯೋಚನೆ ಅಷ್ಟು ಕೆಟ್ಟದ್ದಲ್ಲ. ಆದರೆ 40ರಲ್ಲಿ ದಪ್ಪ ಮರ ಉದ್ದಕ್ಕೆ ನಿಧಾನ, ಪ್ಲೈ ಅಡ್ಡಕ್ಕೆ ಸಿಬಿರು. ಎರಡೂ ಕಡೆ ಅರೆಮನಸ್ಸು.

ಮೂರುಕಾಲುಮಣೆ:

ಬೆರಳು ತಾಗಿದರೆ ತಾನೇ ನಿಲ್ಲುವ ಸಾ ತಗೊಳ್ಳಿ ಸರ್, ಮುಗೀತು. ನಮ್ಮಲ್ಲಿ ಅದೇ ಇರೋದು. ಟೆನ್ಷನ್ನೇ ಇಲ್ಲ.

ಸಾಣೆಕಲ್ಲು:

@ಮೂರುಕಾಲುಮಣೆ, ಸ್ವಲ್ಪ ಟೆನ್ಷನ್ ಇಟ್ಕೊಳ್ಳಿ ಸ್ವಾಮಿ. ಆ ಬ್ರೇಕ್ ನೋಡಿಕೊಳ್ಳುವುದು ಬೆರಳನ್ನು. ಹಲಗೆ ಹಿಂದಕ್ಕೆ ಹಾರಿ ಹೊಟ್ಟೆಗೆ ಬಡಿಯುವುದನ್ನು ಅದು ತಡೆಯುವುದಿಲ್ಲ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿ.ಮೀ. ಹಿಂದಿನ ಹಲ್ಲು ಹಲಗೆಯನ್ನು ಎತ್ತಿತು ಅಂದರೆ ಅದು ನಿಮ್ಮ ಕಡೆಗೇ ಬರುತ್ತದೆ. ಅದಕ್ಕೇ ಬ್ಲೇಡಿನ ನೇರಕ್ಕೆ ನಿಲ್ಲಬೇಡಿ ಅನ್ನೋದು.

ಮತ್ತೆ ಆ ಸಾದಲ್ಲಿ ಬ್ಲೇಡ್ ನಿಯಮ ಇನ್ನೂ ಜಾಸ್ತಿ. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ, ಮೈ ತಾಗಿದರೆ ಅದು ಬದಲಾಗಿ ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ಬಂದು ಹೊಡೆಯುತ್ತದೆ. ಹಸಿ ಮರ ಹಾಕಿದರೂ ಹೊಡೆಯಬಹುದು. ಹೊಡೆದರೆ ಆ ಬ್ರೇಕ್ ಹೋಯಿತು, ಸಾಮಾನ್ಯವಾಗಿ ಬ್ಲೇಡೂ ಹೋಯಿತು. ಬ್ಲೇಡಿಗೂ ಬ್ರೇಕಿಗೂ ನಡುವಿನ ಅಂತರವನ್ನು ಬದಲಾಯಿಸಿದಾಗಲೆಲ್ಲ ನೋಡಬೇಕು. ನಿಮ್ಮಲ್ಲಿ ನೋಡುತ್ತಾರಾ?

ಮೂರುಕಾಲುಮಣೆ:

ಕೇಳಿ ಹೇಳ್ತೀನಿ.

ಹೊಸಉಳಿ:

ನಾನು ಇದೇ ಥರದ ಒಂದು ಶೆಡ್‌ಗೆ ಸೇರಿ ನಾಲ್ಕು ತಿಂಗಳಾಯಿತು. ಕಲಿಯುವವಳ ಕಡೆಯಿಂದ ಒಂದು ಮಾತು ಹೇಳಲಾ?

ನನಗೂ "ಬ್ಲೇಡ್ ಮುಟ್ಟಬೇಡಿ" ಅಂದಿದ್ದರು. ಹಾಗಾಗಿ ನಾನು ಮುಟ್ಟಲಿಲ್ಲ. ಯಾವುದು ಹಾಕಿತ್ತೋ ಅದರಲ್ಲೇ ಕೊಯ್ದೆ. ಹೊಗೆ ಬಂದಾಗ ನನ್ನ ಕೈ ಸರಿಯಿಲ್ಲ ಅಂದುಕೊಂಡೆ. ಬ್ಲೇಡುಗಳಲ್ಲಿ ಬೇರೆ ಬೇರೆ ಜಾತಿ ಇದೆ ಅಂತ ಗೊತ್ತಾಗಿದ್ದು ಮೂರನೇ ತಿಂಗಳಲ್ಲಿ. ಪಕ್ಕದ ಮೇಜಿನ ಹಿರಿಯರೊಬ್ಬರು ಹೇಳಿದ್ದು, ತರಬೇತಿಯಲ್ಲಲ್ಲ. ನಿಮ್ಮ 80 ಹಲ್ಲಿನದ್ದನ್ನು ಸುಟ್ಟವರು ನಿಯಮ ಮುರಿದವರಲ್ಲ ಅನಿಸುತ್ತೆ ಸರ್. ಪಾಲಿಸಿದವರು.

ಒಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ನಿಮ್ಮ 24 ಹಲ್ಲಿನ ಬ್ಲೇಡ್ ಎಲ್ಲಿರುತ್ತೆ?

ಅರೆಬಡಗಿ:

@ಹೊಸಉಳಿ, ನನ್ನ ಬೀರುವಿನಲ್ಲಿ. ಬೀಗ ಹಾಕಿರುತ್ತದೆ. ಕೀ ನನ್ನ ಹತ್ತಿರ.

ಇದನ್ನು ಬರೆದು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಅರೆಬಡಗಿ (ಎರಡು ವಾರದ ನಂತರ):

ಏನು ಮಾಡಿದೆವು ಅಂತ ಹೇಳುತ್ತೇನೆ.

ಬೀರುವಿನಿಂದ ಬ್ಲೇಡುಗಳನ್ನು ತೆಗೆದು ಸಾ ಪಕ್ಕದ ಗೋಡೆಗೆ ನೇತುಹಾಕಿದೆ. ಮೂರು ಗೂಟ, ಪ್ರತಿ ಗೂಟದ ಹಿಂದೆ ಆ ಬ್ಲೇಡಿನಲ್ಲೇ ಕೊಯ್ದ ಮರದ ತುಂಡು. 24ರ ಹಿಂದೆ ಉದ್ದಕ್ಕೆ ಕೊಯ್ದದ್ದು, 80ರ ಹಿಂದೆ ಪ್ಲೈ. ಆ ಕಪ್ಪು ತುಂಡನ್ನೂ 80ರ ಕೆಳಗೇ ಮೊಳೆ ಹೊಡೆದಿದ್ದೇನೆ. ಮೂರೂ ಮಾಮೂಲಿ ದಪ್ಪದವೇ, ನಮ್ಮ ನೈಫಿಗೆ ಹೊಂದುವಂಥವು. ಹೊರಗಿನಿಂದ ಬ್ಲೇಡ್ ತರೋ ಹಾಗಿಲ್ಲ.

ತರಬೇತಿಯನ್ನು ತಲೆಕೆಳಗು ಮಾಡಿದೆವು. ಈಗ ಮೊದಲ ಅರ್ಧ ಗಂಟೆ ಸಾ ಓಡೋದೇ ಇಲ್ಲ. ಪ್ಲಗ್ ಕಿತ್ತು, ಅದರ ತುದಿಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೆ ಇಡಬೇಕು. ಸ್ವಿಚ್ ಆಫ್ ಮಾಡಿದೆ ಅಂದರೆ ನಡೆಯಲ್ಲ. ಆಮೇಲೆ ಬ್ಲೇಡ್ ಬಿಚ್ಚಿ ಹಾಕೋದು.

ಮೊನ್ನೆ ಬಂದ ಹುಡುಗ ಸ್ಪ್ಯಾನರ್ ಹಿಡಿದು ನಟ್ಟನ್ನು ಬಿಗಿ ಮಾಡುತ್ತಲೇ ಹೋದ. ಮುಖ ಕೆಂಪಗಾಯಿತು. ನಾನು ಬಾಯಿ ಕಚ್ಚಿಕೊಂಡು ನಿಂತೆ. ಕೊನೆಗೆ ಅವನೇ ಬ್ಲೇಡನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ, ಹಲ್ಲು ಯಾವ ಕಡೆ ಮುಖ ಮಾಡಿದೆ ನೋಡಿ, "ಇದು ತಿರುಗುವ ದಿಕ್ಕಿಗೇ ನಟ್ ಬಿಚ್ಚಬೇಕಾ ಅಣ್ಣ?" ಅಂದ. ಹೌದು. ಹಾಗಿದ್ದರೇ ಓಡುವಾಗ ಸಡಿಲವಾಗಲ್ಲ. ನಾನು ಹೇಳಿದ್ದರೆ ನಾಳೆಗೆ ಮರೆಯುತ್ತಿದ್ದ. ಹಲ್ಲಿಗೆ ಅಡ್ಡ ಕೊಡೋಕೆ ಮರದ ತುಂಡು ಇಟ್ಟಿದ್ದೆ, ಅದನ್ನು ಮಾತ್ರ ಮೊದಲೇ ಹೇಳಿದೆ. ಅದು ಕಾದು ನೋಡುವ ವಿಷಯವಲ್ಲ.

ಬಿಚ್ಚಿದ ಬ್ಲೇಡನ್ನು ಅವನು ಸೀದಾ ಸಾದ ಕಬ್ಬಿಣದ ಮೇಜಿನ ಮೇಲೆ ಇಡಲು ಹೋದ. ಕೈ ಹಿಡಿದೆ. ಕಾರ್ಬೈಡ್ ಗಟ್ಟಿ, ಆದರೆ ಗಾಜಿನಂತೆ ಚಕ್ಕೆ ಏಳುತ್ತದೆ. ಈಗ ಅಲ್ಲೊಂದು ಪ್ಲೈ ತುಂಡು ಇಟ್ಟಿದ್ದೇವೆ.

ಕೊನೆಗೆ ಒಂದು ಪರೀಕ್ಷೆ. ಅವರ ಮುಂದೆ ಒಂದು ಹಲಗೆ ಇಟ್ಟು, ಯಾವ ಬ್ಲೇಡ್, ಎಷ್ಟು ಎತ್ತರ ಅಂತ ಕೇಳುತ್ತೇವೆ. ಗುಳಿಗಳ ತಳ ಹಲಗೆಯ ಮೇಲ್ಮೈಯನ್ನು ಸ್ವಲ್ಪ ದಾಟಿದರೆ ಸಾಕು. ಪ್ಲೈ ಆದರೆ ಒಳ್ಳೆ ಮುಖ ಮೇಲೋ ಕೆಳಗೋ? ಮೇಲೆ, ಯಾಕೆಂದರೆ ಹಲ್ಲು ಕೆಳಮುಖವಾಗಿ ಹೊರಬರುತ್ತದೆ, ಸಿಬಿರು ಏಳುವುದು ಕೆಳಗೆ. ಹಳೇ ಮರವಾದರೆ ಮೊದಲು ಮೊಳೆ ಹುಡುಕಬೇಕು. ಇಷ್ಟು ಹೇಳಿದರೆ ಸಹಿ.

ಹಳಬರು ಮುಖ ಊದಿಸಿಕೊಂಡರು. ನಮಗೂ ಪರೀಕ್ಷೆನಾ ಅಂತ. ನಾನೇ ಮೊದಲು ಕೊಟ್ಟೆ. ಹೊಸ ಹುಡುಗಿಯೊಬ್ಬಳು ಕೇಳಿದಳು, ನಾನು ಫೆನ್ಸನ್ನು ಬ್ಲೇಡಿಗೆ ಸರಿಯಾಗಿ ಸಮಾನಾಂತರವಾಗಿದೆಯಾ ಅಂತ ಅಳೆಯೋದು ಮರೆತೆ. ಅವಳು ಸಹಿ ಹಾಕಲಿಲ್ಲ. ಮರುದಿನ ಬಾ ಅಂದಳು.

ಗೋಡೆಯ ಮೇಲಿನ 14ನ್ನು ಕಿತ್ತೆ. ಈಗ ನಾಲ್ಕಿದೆ. ಸಾಣೆ ಹಿಡಿಸೋ ಖರ್ಚು ಯಾರು ಕೊಡಬೇಕು ಅನ್ನೋದು ಮಾತ್ರ ಇನ್ನೂ ಜಗಳದಲ್ಲೇ ಇದೆ. ನಿಮ್ಮಲ್ಲಿ ಅದನ್ನು ಹೇಗೆ ಹಂಚುತ್ತೀರಿ?